ಬಿಲ್ಲಿನ ಹೆದೆ ಎಳೆಯುವ ಕೈಯ ಮೊಣಕೈ ನೋವಿಗೆ ಯಾವ ಪಟ್ಟಿ ಕಟ್ಟಿಕೊಂಡರೆ ಒಳ್ಳೆಯದು?

"ಮೊಣಕೈ ಹೊರಗಂಟಿನ ಹತ್ತಿರ ಎರಡು ತಿಂಗಳಿಂದ ನೋವು, ಮುಂಗೈ ಬಿಗಿದುಕೊಳ್ಳುತ್ತೆ, ಆರು ವಾರದಲ್ಲಿ ಸ್ಟೇಟ್ ಮೀಟ್ ಇದೆ" ಅಂತ ಬರೆದಿದ್ದೀರಲ್ಲ, ಓದುತ್ತಿದ್ದ ಹಾಗೇ ನನ್ನ ಎಡಗೈ ತಾನಾಗಿ ಹೋಗಿ ಬಲ ಮೊಣಕೈ ಹಿಡಿದುಕೊಂಡಿತು.

ಪಟ್ಟಿ ಯಾವುದನ್ನಾದರೂ ತಗೊಳ್ಳಿ. ಮೆಡಿಕಲ್ ಶಾಪಿನಲ್ಲಿ ಸಿಗುವುದೆಲ್ಲ ಹೆಚ್ಚುಕಮ್ಮಿ ಒಂದೇ. ನಾನು ಮೂರು ಕೊಂಡಿದ್ದೆ, ಒಂದರಲ್ಲಿ ಈಗ ನಮ್ಮನೆ ಪೊರಕೆ ಕಟ್ಟಿದ್ದೇವೆ. ನೀವು ಕೇಳಬೇಕಾದ ಪ್ರಶ್ನೆ ಅದಲ್ಲ. ನಿಮ್ಮ ಬೆರಳ ಮೇಲೆ ನಿಜವಾಗಿ ಎಷ್ಟು ಪೌಂಡ್ ಬೀಳುತ್ತಿದೆ ಅಂತ ಗೊತ್ತಾ? "34 ಪೌಂಡ್ ಲಿಂಬ್" ಅಂತ ಬರೆದಿದ್ದೀರಿ. ಅದು ಲಿಂಬ್ ಮೇಲೆ, ಅಂದರೆ ಬಿಲ್ಲಿನ ಬಾಗುವ ತೋಳಿನ ಮೇಲೆ, ಬರೆದಿರುವ ಸಂಖ್ಯೆ. ನಾನೂ ಅದನ್ನೇ ಹೇಳಿಕೊಂಡು ಓಡಾಡುತ್ತಿದ್ದೆ.

ನಾನು ಮೈಸೂರಿನಲ್ಲಿ ಹೈಸ್ಕೂಲ್ ಮೇಷ್ಟ್ರು. ತುದಿ ಮುಂದಕ್ಕೆ ಬಾಗಿರುವ ರಿಕರ್ವ್ ಬಿಲ್ಲು ಹಿಡಿದಾಗ ವಯಸ್ಸು 33. ಮೊದಲ ಎರಡು ವರ್ಷ ಒಂದು ದಿನವೂ ಕೈ ನೋಯಲಿಲ್ಲ. ಲಿಂಬ್ ಮೇಲೆ 28 ಅಂತ ಇತ್ತು, ದಿನಕ್ಕೆ 80 ಬಾಣ, ಖುಷಿಯಾಗಿದ್ದೆ. ಆಮೇಲೆ 70 ಮೀಟರ್ ದೂರದ ಗುರಿಯ ಹುಚ್ಚು ಹಿಡಿಯಿತು. 28ರ ಲಿಂಬಿನಲ್ಲಿ 70 ಮೀಟರ್ ಹೊಡೆಯಬೇಕು ಅಂದರೆ ಗುರಿ ನೋಡುವ ಸೈಟನ್ನು ಇಳಿಸಿ ಇಳಿಸಿ ಕೊನೆಗೆ ಅದು ಬಾಣದ ದಾರಿಗೇ ಅಡ್ಡ ಬರುತ್ತದೆ, ನಿಮಗೂ ಗೊತ್ತಿರುತ್ತೆ. ಆಗ ನಮ್ಮ ಜೊತೆ ಆಡುತ್ತಿದ್ದ ಹುಡುಗನೊಬ್ಬ ಕೆಲಸಕ್ಕೆ ಅಂತ ಊರು ಬಿಟ್ಟು ಹೊರಟ. ಅವನ ಲಿಂಬ್ ಅರ್ಧ ಬೆಲೆಗೆ ಸಿಕ್ಕಿತು. ಮೇಲೆ 36 ಅಂತ ಇತ್ತು. ಕೋಚ್ "ಎರಡೆರಡು ಪೌಂಡ್ ಏರಿಸಿ ಮೇಷ್ಟ್ರೇ, ಒಂದೇ ಸಲಕ್ಕೆ ಬೇಡ" ಅಂದರು. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ: 28ರಿಂದ 36ಕ್ಕೆ ಎಂಟು ಪೌಂಡ್, ಅಂದರೆ ಮೂರೂವರೆ ಕೆ.ಜಿ. ಚಿಲ್ಲರೆ. ನನ್ನ ಮಗಳ ಸ್ಕೂಲ್ ಬ್ಯಾಗೇ ಅದಕ್ಕಿಂತ ಭಾರ.

ಈ ಲೆಕ್ಕವೇ ನನ್ನ ಒಂದೂವರೆ ವರ್ಷ ನುಂಗಿತು, ಅದಕ್ಕೇ ಸ್ವಲ್ಪ ಉದ್ದವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಲಿಂಬ್ ಮೇಲಿನ ಪೌಂಡ್ 28 ಇಂಚು ಎಳೆದಾಗಿನದು. ಅದಕ್ಕಿಂತ ಒಂದು ಇಂಚು ಜಾಸ್ತಿ ಎಳೆದರೆ ಸುಮಾರು ಎರಡು ಪೌಂಡ್ ಏರುತ್ತದೆ. ನಾನು ಉದ್ದ ಕೈಯವನು, ನನ್ನ ಎಳೆತ 30 ಇಂಚು. ಅಲ್ಲಿಗೆ 36 ಅನ್ನುವುದು 40 ಆಯಿತು. ಆ ಹುಡುಗ ಲಿಂಬನ್ನು ಬಿಲ್ಲಿನ ಹಿಡಿಗೆ ಬಿಗಿಯುವ ಬೋಲ್ಟುಗಳನ್ನು ಹೇಗೆ ಇಟ್ಟುಕೊಂಡಿದ್ದನೋ, ನಾನಂತೂ "ಬಾಣ ಚೆನ್ನಾಗಿ ಹೋಗಲಿ" ಅಂತ ಎರಡನ್ನೂ ಪೂರ್ತಿ ಒಳಕ್ಕೆ ತಿರುಗಿಸಿಬಿಟ್ಟೆ. ಅದರಿಂದ ಇನ್ನೆರಡು. ಒಟ್ಟು 42 ಪೌಂಡ್. ಇದೆಲ್ಲ ಗೊತ್ತಾಗಿದ್ದು ಎಂಟು ತಿಂಗಳಾದ ಮೇಲೆ. ಪ್ರವಾಸಕ್ಕೆ ಹೊರಟಾಗ ಸೂಟ್‌ಕೇಸ್ ತೂಗುತ್ತಾರಲ್ಲ, ಆ ಕೊಕ್ಕೆ ತಕ್ಕಡಿಯನ್ನು ಹೆದೆಗೆ ಸಿಕ್ಕಿಸಿ ಎಳೆದು ನೋಡಿದೆ. 19 ಕೆ.ಜಿ. ತೋರಿಸಿತು. ಬೋಲ್ಟನ್ನು ಮೊದಲಿನ ಹಾಗೆ ಸಡಿಲಿಸಿ ಹಳೆಯ ಲಿಂಬ್ ಹಾಕಿ ನೋಡಿದರೆ ಹದಿನಾಲ್ಕೂವರೆ.

ಅಷ್ಟೇ ಆಗಿದ್ದರೆ ಹೇಗೋ ಬದುಕುತ್ತಿದ್ದೆನೇನೋ. ಮೀಟ್ ಹತ್ತಿರ ಬಂತು ಅಂತ, ಆ 36ರ ಲಿಂಬ್ ಹಾಕಿದ ವಾರವೇ ಬಾಣದ ಸಂಖ್ಯೆಯನ್ನೂ 80ರಿಂದ 120ಕ್ಕೆ ಏರಿಸಿದ್ದೆ. ಗುಣಿಸಿ ನೋಡಿ. ಮೊದಲು ದಿನಕ್ಕೆ 1,160 ಕೆ.ಜಿ., ಆಮೇಲೆ 2,280. 25 ಕೆ.ಜಿ.ಯ ತೊಂಬತ್ತು ಅಕ್ಕಿ ಮೂಟೆ, ಮೂರು ಬೆರಳಲ್ಲಿ, ದಿನಾ ಸಂಜೆ. ಮೊಣಕೈ ಏನು ಮಾಡೀತು ಪಾಪ.

ಅಷ್ಟು ಭಾರ ಬೆನ್ನಿಗೆ ಅಭ್ಯಾಸ ಇರಲಿಲ್ಲ. ಬೆನ್ನು ಎಳೆಯದಿದ್ದರೆ ಕೈ ಎಳೆಯುತ್ತದೆ. ನನ್ನದು ಹಾಗೇ ಆಯಿತು. ಮಣಿಕಟ್ಟು ಹೊರಕ್ಕೆ ಉಬ್ಬಿತು, ಬೆರಳು ಹೆದೆಯನ್ನು ಕೊಕ್ಕೆಯ ಹಾಗೆ ಹಿಡಿಯುವ ಬದಲು ಮುಷ್ಟಿಯ ಹಾಗೆ ಬಿಗಿಯತೊಡಗಿತು. ಎಲ್ಲಕ್ಕಿಂತ ಕೆಟ್ಟದ್ದು ಕ್ಲಿಕ್ಕರ್, ಪೂರ್ತಿ ಎಳೆದಾಯಿತು ಅಂತ ಸದ್ದು ಮಾಡಿ ಹೇಳುವ ತಗಡು. ಬಾಣದ ತುದಿ ಆ ತಗಡಿನ ಹಿಂದಕ್ಕೆ ಜಾರಿ 'ಟಿಕ್' ಅನ್ನಬೇಕಲ್ಲ, ಆ ಕೊನೆಯ ಎರಡು ಮಿಲಿಮೀಟರ್ ನನಗೆ ಬರುತ್ತಲೇ ಇರಲಿಲ್ಲ. ಮಣಿಕಟ್ಟಿನಿಂದ ಚೂರು ಜಗ್ಗಿ ಟಿಕ್ ಅನ್ನಿಸುತ್ತಿದ್ದೆ. ದಿನಕ್ಕೆ 120 ಸಲ.

ಬೆರಳು ಮಡಚುವ ಸ್ನಾಯು ಇರುವುದು ಮುಂಗೈಯ ಒಳಮೈಯಲ್ಲಿ. ಹಾಗಿದ್ದ ಮೇಲೆ ನೋವು ಹೊರಗಡೆ ಯಾಕೆ ಅಂತ ನನಗೆ ತುಂಬಾ ದಿನ ಅರ್ಥವಾಗಿರಲಿಲ್ಲ. ಫಿಸಿಯೋ ಒಬ್ಬರು ನನ್ನ ಕೈಯಲ್ಲೇ ತೋರಿಸಿದರು. ಮುಷ್ಟಿ ಬಿಗಿಯಾಗಿ ಹಿಡಿದು ಇನ್ನೊಂದು ಕೈಯಿಂದ ಮುಂಗೈಯ ಹೊರಮೈ ಮುಟ್ಟಿ ನೋಡಿ, ಅದೂ ಕಲ್ಲಾಗಿರುತ್ತದೆ. ಬೆರಳು ಮಡಚಿದಾಗ ಮಣಿಕಟ್ಟೂ ಜೊತೆಗೆ ಬಾಗಿಬಿಡದ ಹಾಗೆ ಹಿಂದಕ್ಕೆ ಹಿಡಿದಿಡುವುದು ಆ ಹೊರಗಡೆ ಸ್ನಾಯುಗಳು. ಅವು ಹೋಗಿ ಅಂಟುವುದು ಮೊಣಕೈಯ ಹೊರಗಂಟಿಗೆ, ದಾರದಂಥ ಒಂದು ಟೆಂಡನ್ ಮೂಲಕ. ಟೆನಿಸ್ ಎಲ್ಬೋ ಅನ್ನುವುದು ಇದನ್ನೇ. ನಾನು ರ‍್ಯಾಕೆಟ್ ಮುಟ್ಟಿದವನೇ ಅಲ್ಲ, ಆದರೂ ಬಂತು.

ಮುಂದಿನದು ನಿಮಗೆ ಈಗ ಆಗುತ್ತಿರುವುದೇ. ಮೊದಲು ಬೋರ್ಡ್ ಮೇಲೆ ಬರೆಯುವಾಗ ಚುಳ್ ಅಂತಿತ್ತು. ಆಮೇಲೆ ಸ್ಕೂಟರ್ ಆಕ್ಸಿಲರೇಟರ್ ತಿರುಗಿಸುವಾಗ. ಆಮೇಲೆ ಒಗೆದ ಬಟ್ಟೆ ಹಿಂಡೋಕೆ ಆಗಲಿಲ್ಲ. ಒಂದು ದಿನ ಸ್ಟಾಫ್ ರೂಮಿನಲ್ಲಿ ಕಾಫಿ ಲೋಟ ಕೈಯಿಂದ ಜಾರಿ ಉತ್ತರ ಪತ್ರಿಕೆಗಳ ಮೇಲೆ ಬಿತ್ತು. ಕನ್ನಡ ಮೇಷ್ಟ್ರು "ಏನ್ರೀ, ನಿಮ್ಮ ದ್ರೋಣಾಚಾರ್ಯರು ಮೊಣಕೈನೇ ಕೇಳಿಬಿಟ್ರಾ?" ಅಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ, ಸಂಜೆ ಸ್ಪ್ರೇ ಹೊಡೆದುಕೊಂಡು ಪಟ್ಟಿ ಕಟ್ಟಿಕೊಂಡು ಮತ್ತೆ ಮೈದಾನಕ್ಕೆ ಹೋದೆ. ಪಟ್ಟಿ ಕಟ್ಟಿದರೆ ನೋವು ಕಡಿಮೆ ಆಗುವುದು ನಿಜ. ಅದೇ ತೊಂದರೆ.

ಡಾಕ್ಟರ್ ಹತ್ತಿರ ಹೋದೆ, ಸ್ಟಿರಾಯ್ಡ್ ಇಂಜೆಕ್ಷನ್ ಆಯಿತು. ನಾಲ್ಕೈದು ದಿನದಲ್ಲಿ ನೋವು ಮಾಯ. ಕೈ ವಾಸಿಯಾಯಿತು ಅಂದುಕೊಂಡು ಆ ವಾರವೇ 90 ಬಾಣ ಬಿಟ್ಟೆ. ಇದು ಡಾಕ್ಟರ ತಪ್ಪಲ್ಲ, ಅವರು ಬಿಲ್ಲು ಮುಟ್ಟಬೇಡಿ ಅಂದಿದ್ದರು. ಎರಡು ತಿಂಗಳಿಗೆ ನೋವು ವಾಪಸ್ ಬಂತು, ಹೋಗುವಾಗ ಇದ್ದದ್ದಕ್ಕಿಂತ ಜಾಸ್ತಿಯಾಗಿ. ಟೆನಿಸ್ ಎಲ್ಬೋಗೆ ಈ ಇಂಜೆಕ್ಷನ್ ಕೆಲವು ವಾರ ಚೆನ್ನಾಗಿ ಕೆಲಸ ಮಾಡುತ್ತದೆ, ವರ್ಷದ ಲೆಕ್ಕದಲ್ಲಿ ನೋಡಿದರೆ ತಗೊಳ್ಳದವರೇ ಮೇಲು ಅಂತ ಸಂಶೋಧನೆಗಳೂ ಹೇಳುತ್ತವೆ. ಮೀಟ್ ಮುಂದಿದೆ ಅಂತ ನಿಮಗೂ ಆಸೆ ಹುಟ್ಟಬಹುದು, ಅದಕ್ಕೆ ಹೇಳಿದೆ. ಮೀಟ್ ವಿಷಯ ಕೇಳುವುದಾದರೆ, ಈ ಸಲ ಬಿಡಿ. ಮೀಟ್ ದಿನದ 72 ಬಾಣ ಹೇಗೋ ಬಿಟ್ಟು ಬರಬಹುದು, ಅದಕ್ಕೆ ಮುಂಚಿನ ಆರು ವಾರದ ಪ್ರಾಕ್ಟೀಸ್ ಇದೆಯಲ್ಲ, ಕೈ ಹಾಳು ಮಾಡುವುದು ಅದು.

ಆಮೇಲೆ ಕೋಪ ಬಂದು ಎರಡು ತಿಂಗಳು ಏನೂ ಮಾಡದೆ ಸುಮ್ನೆ ಕೂತೆ. ಅದೂ ಉಪಯೋಗಕ್ಕೆ ಬರಲಿಲ್ಲ. ಟೆಂಡನ್‌ಗೆ ಭಾರ ಬೇಕು, ಸ್ವಲ್ಪ ಸ್ವಲ್ಪವಾಗಿ. ಸುಮ್ಮನಿದ್ದರೆ ಅದು ಗಟ್ಟಿಯಾಗುವುದಿಲ್ಲ. ಫಿಸಿಯೋ ಮೊದಲು ಕೊಟ್ಟದ್ದು ಅಲ್ಲಾಡಿಸದೆ ಹಿಡಿಯುವ ಕೆಲಸ: ಮುಂಗೈ ಮೇಜಿನ ಮೇಲೆ, ಅಂಗೈ ಕೆಳಮುಖ, ಕೈಯಲ್ಲಿ ಒಂದು ಲೀಟರ್ ನೀರಿನ ಬಾಟಲಿ, 45 ಸೆಕೆಂಡ್, ಐದು ಸಲ. ಎರಡು ವಾರ ಬಿಟ್ಟು ಅದೇ ಬಾಟಲಿಯನ್ನು ಎಡಗೈಯಿಂದ ಮೇಲಕ್ಕೆತ್ತಿ ಬಲಗೈಯಿಂದ ನಿಧಾನಕ್ಕೆ ಇಳಿಸುವುದು, 15ರಂತೆ ಮೂರು ಸಲ. ಇಷ್ಟೇ. ಚೂರು ನೋವಿದ್ದರೂ ಪರವಾಗಿಲ್ಲ, ಮರುದಿನ ಬೆಳಗ್ಗೆ ಜಾಸ್ತಿ ಆಗಿರಬಾರದು ಅಂದರು. ಬಟ್ಟೆ ಹಿಂಡೋಕೆ ಮೂರು ತಿಂಗಳು ಹಿಡಿಯಿತು.

ವಾಪಸ್ ಬಂದಾಗ ಹೊಸದಾಗಿ ಸೇರಿದ ಮಕ್ಕಳಿಗೆ ಕೊಡುವ ಲಿಂಬ್ ಕೇಳಿ ಇಸಕೊಂಡೆ. ತೂಗಿದರೆ ನನ್ನ ಎಳೆತಕ್ಕೆ 22 ಪೌಂಡ್. ಆರನೇ ಕ್ಲಾಸಿನ ಹುಡುಗಿ "ಸಾರ್, ಅದು ನನ್ನ ಬಿಲ್ಲು" ಅಂದಳು. ನಾಚಿಕೆ ಆಯಿತು, ಆದರೆ ಎಳೆದು ಹಿಡಿದಾಗ ಬೆನ್ನಿನ ಎರಡು ರೆಕ್ಕೆ ಮೂಳೆಗಳ ನಡುವೆ ಬಿಗಿತ ಬಂತು, ಮುಂಗೈ ಸಡಿಲವಾಗಿಯೇ ಇತ್ತು. ಎಷ್ಟೋ ತಿಂಗಳಾದ ಮೇಲೆ ಮೊದಲ ಸಲ. ಐದು ಮೀಟರಿನಿಂದ, ಗುರಿಯ ಕಾಗದ ಅಂಟಿಸದ ಬರೀ ಗುರಿಹಲಗೆಗೆ, ದಿನಕ್ಕೆ 30 ಬಾಣ, ವಾರಕ್ಕೆ ಹತ್ತು ಏರಿಸುತ್ತಾ ಹೋದೆ. ಬಾಣ ಏರಿಸುವ ವಾರ ಪೌಂಡ್ ಏರಿಸುವುದಿಲ್ಲ, ಪೌಂಡ್ ಏರಿಸುವ ವಾರ ಬಾಣ ಇಳಿಸುತ್ತೇನೆ. ಈಗ ಬೆರಳ ಮೇಲೆ 36 ಇದೆ, ತೂಗಿ ಹೇಳುತ್ತಿದ್ದೇನೆ.

ರಾಟೆ ಇರುವ, ಎಳೆದು ಹಿಡಿದಾಗ ಭಾರ ಇಳಿಯುವ ಕಾಂಪೌಂಡ್ ಬಿಲ್ಲಿಗೆ ಹೋದರೆ ಹೇಗೆ ಅಂತಲೂ ಕೇಳಿದ್ದೀರಿ. ಆಸೆ ಇದ್ದರೆ ಹೋಗಿ, ನೋವಿಗೆ ಹೆದರಿ ಹೋಗಬೇಡಿ.

ನೋವು ಬಿಲ್ಲು ಹಿಡಿಯುವ ಕೈಯಲ್ಲಿದ್ದರೆ ಕಥೆ ಬೇರೆ. ಸಾಮಾನ್ಯವಾಗಿ ಹಿಡಿ ಬಿಗಿದಿರುತ್ತದೆ, ಬಿಲ್ಲು ಜಾರದ ಹಾಗೆ ಬೆರಳಿಗೆ ಒಂದು ಸ್ಲಿಂಗ್ (ದಾರದ ಕುಣಿಕೆ) ಹಾಕಿ, ಶೂ ಲೇಸ್ ಸಾಕು, ಬಿಲ್ಲು ಬೀಳುತ್ತೆ ಅನ್ನುವ ಭಯ ಹೋದರೆ ಮುಷ್ಟಿ ತಾನಾಗಿ ಸಡಿಲವಾಗುತ್ತದೆ. ಉಂಗುರ ಬೆರಳು, ಕಿರುಬೆರಳಿನಲ್ಲಿ ಜುಮ್ ಅಂತಿದ್ದರೆ ಮಾತ್ರ ನನ್ನಂಥವರ ಮಾತು ಕೇಳುತ್ತಾ ಕೂರಬೇಡಿ. ಅದು ನರದ ವಿಷಯ, ಡಾಕ್ಟರ್ ಹತ್ತಿರ ಹೋಗಿ.

ನಾಳೆ ಒಂದು ಕೊಕ್ಕೆ ತಕ್ಕಡಿ ಹುಡುಕಿ. ಗುರಿಹಲಗೆಯ ಎದುರೇ ನಿಂತು, ಬಾಣ ಹಾಕಿಕೊಂಡು, ಕ್ಲಿಕ್ಕರ್ ಬೀಳುವ ತನಕ ತಕ್ಕಡಿಯಿಂದ ಎಳೆಯಿರಿ. ಎಳೆಯುವುದನ್ನು ಕೈ ನೋವಿಲ್ಲದ ಗೆಳೆಯರ ಹತ್ತಿರ ಮಾಡಿಸಿ, ಆದರೆ ನಿಮ್ಮಷ್ಟೇ ಉದ್ದಕ್ಕೆ. ಬಿಡಬೇಡಿ, ನಿಧಾನಕ್ಕೆ ಇಳಿಸಿ. ಎಷ್ಟು ತೋರಿಸಿತು ಅಂತ ಇಲ್ಲೇ ಕೆಳಗೆ ಬರೆಯಿರಿ, ಪಟ್ಟಿ ಮಾತು ಆಮೇಲೆ ಆಡೋಣ.