6 ಎಂಎಂ ಬಿಆರ್‌ನಲ್ಲಿ ಗುಂಡು ಅಡ್ಡ ಬೀಳುತ್ತಿದ್ದರೆ

ನೀವು ಪುಣೆಯಲ್ಲಿ ಕೂತು ಕೊಳ್ಳೋಕೆ ನೋಡ್ತಿರೋ ಮುಂಬೈನ ಆ ಹಳೇ 6 ಎಂಎಂ ಬಿಆರ್ (ಗುರಿ ಸ್ಪರ್ಧೆಯ ಒಂದು ಕಾರ್ಟ್ರಿಜ್) ಫ್ಯಾಕ್ಟರಿ ರೈಫಲ್ 105 ಗ್ರೇನ್ (ಗುಂಡಿನ ತೂಕದ ಅಳತೆ) ಗುಂಡಿಗೆ ಕಾಗದದಲ್ಲಿ ಉದ್ದುದ್ದ ತೂತು ಮಾಡ್ತಿದೆ ಅಂದ್ರೆ ನನ್ನ ಅನುಮಾನ ಬ್ಯಾರಲ್ ಟ್ವಿಸ್ಟ್ ಮೇಲೆ, ಅಂದ್ರೆ ಬ್ಯಾರಲ್ ಒಳಗಿನ ಸುರುಳಿ ಗೀರು ಎಷ್ಟು ಇಂಚಿಗೆ ಒಂದು ಸುತ್ತು ಬರುತ್ತೆ ಅನ್ನೋದರ ಮೇಲೆ. ಆ ಗುಂಡಿಗೆ 8 ಇಂಚಿಗೊಂದು ಸುತ್ತು ಬೇಕು. ಹಳೆಯವುಗಳಲ್ಲಿ 12, 14 ಇಂಚಿಗೊಂದು ಇರೋದುಂಟು, ಅಷ್ಟು ನಿಧಾನ ಸುತ್ತಿಗೆ ಉದ್ದ ಗುಂಡು ನೆಟ್ಟಗೆ ಹೋಗದೆ ಅಡ್ಡ ಬೀಳುತ್ತೆ.

ಪುಣೆಯಿಂದ ದುಡ್ಡು ಕಳಿಸೋ ಮೊದಲು ಹೋಗಿ, ಲೈಸೆನ್ಸ್ ಇರೋ ಮಾಲೀಕರ ಕೈಲೇ ಅಳೆಸಿ. ಬೋಲ್ಟ್ ತೆಗೆದು ಚೇಂಬರ್ ಖಾಲಿ ಇದೆಯಾ ನೋಡಿ. ಹಿಡಿಯೊಳಗೆ ಸಲೀಸಾಗಿ ತಿರುಗೋ ಕ್ಲೀನಿಂಗ್ ರಾಡ್‌ಗೆ ಬಿಗಿಯಾಗಿ ಬಟ್ಟೆ ಸುತ್ತಿ, ಹಿಂದಿನಿಂದ ತಳ್ಳಿ. ರಾಡ್ ಮೇಲಿನ ಟೇಪ್ ಗುರುತು ಪೂರ್ತಿ ಒಂದು ಸುತ್ತು ಬರುವಷ್ಟರಲ್ಲಿ ಎಷ್ಟು ಇಂಚು ಒಳಗೆ ಹೋಯ್ತೋ ಅದೇ ಟ್ವಿಸ್ಟ್. ಬಟ್ಟೆ ಜಾರಿದ್ರೆ ಲೆಕ್ಕ ಸುಳ್ಳಾಗುತ್ತೆ, ಮತ್ತೆ ಮಾಡಿ.

12 ಅಥವಾ 14 ಬಂದ್ರೆ ಬಂದೂಕು ಕೆಟ್ಟದ್ದೇನಲ್ಲ: 65-70 ಗ್ರೇನ್ ಗುಂಡಿಗೆ 100 ಮೀಟರ್‌ನಲ್ಲಿ ಚೆನ್ನಾಗೇ ಹೊಡೆಯಬಹುದು. 300 ಮೀಟರ್ ಸ್ಪರ್ಧೆಗೆ ಮಾತ್ರ ಬೇಡ. 10 ಬಂದ್ರೆ ಹೊಡೆದು ನೋಡಿಯೇ ಹೇಳಬೇಕು. 8 ಬಂದ್ರೆ ತಪ್ಪು ಬೇರೆಲ್ಲೋ ಇದೆ. ಬ್ಯಾರಲ್ ಬಾಯಿಗೆ ಪೆಟ್ಟು ಬಿದ್ದಿದೆಯಾ, ಥ್ರೋಟ್ (ಚೇಂಬರ್ ಮುಂದೆ ಗೀರು ಶುರುವಾಗೋ ಜಾಗ) ಸವೆದಿದೆಯಾ ಅಂತ ಬ್ಯಾರಲ್ ಒಳಗೆ ನೋಡೋ ಬೋರ್‌ಸ್ಕೋಪಲ್ಲಿ ನೋಡಿಸಿ.

ಬೆಲೆ ಮಾತಾಡುವಾಗ ಕಾರ್ಟ್ರಿಜ್ ಎಲ್ಲಿಂದ ತರೋದು ಅಂತ ಮೊದಲು ಕೇಳಿ. ಲಾಪುವಾ, ನಾರ್ಮಾ ಕಂಪನಿಗಳ ಕೇಸ್ (ಕಾರ್ಟ್ರಿಜ್‌ನ ಹಿತ್ತಾಳೆ ಕವಚ) ಅತ್ಯುತ್ತಮ, ಆದ್ರೆ ಮೂಲೆ ಅಂಗಡಿಯಲ್ಲಿ ಸಿಗೋ ಮಾಲಲ್ಲ. ಖಾಲಿ ಕೇಸ್‌ಗಳನ್ನೂ ಸೇರಿಸಿ ಕೊಡ್ತಾರಾದ್ರೆ ಸ್ವಲ್ಪ ಹೆಚ್ಚು ಕೊಡಬಹುದು.