ಹಳೆ ಗ್ಯಾರೇಜನ್ನು ಕೋಣೆ ಮಾಡುವ ಮುಂಚೆ: ನೀರು ಎಲ್ಲಿಂದ ಬರುತ್ತಿದೆ ನೋಡಿ

ಪ್ರಶ್ನೆ: ಸರ್, ಮನೆ ಪಕ್ಕದಲ್ಲಿ ನಮ್ಮದೊಂದು ಹಳೆ ಗ್ಯಾರೇಜ್ ಇದೆ. 10 ಅಡಿ ಅಗಲ, 18 ಅಡಿ ಉದ್ದ. ತೆಳು ಇಟ್ಟಿಗೆ ಗೋಡೆ, ಮೇಲೆ ತಗಡಿನ ಶೀಟು, ಮುಂದೆ ರೋಲಿಂಗ್ ಶಟರ್. ಈಗ ಕಾರು ಇಲ್ಲ. ಮಗಳಿಗೆ ಓದಲು, ನನಗೆ ಹೊಲಿಗೆ ಮಷಿನ್ ಇಡಲು ಅದನ್ನೇ ಕೋಣೆ ಮಾಡುವ ಆಸೆ. ಆದರೆ ಮಳೆ ಬಂದರೆ ಶಟರ್ ಕೆಳಗಿಂದ ನೀರು ಒಳಗೆ ನುಗ್ಗುತ್ತದೆ. ಹಿಂದಿನ ಗೋಡೆ ಕೆಳಗಿನ ಎರಡಡಿ ಯಾವಾಗಲೂ ಒದ್ದೆ. ಮಳೆ ಇಲ್ಲದ ದಿನವೂ ಬೆಳಿಗ್ಗೆ ಶೀಟಿನಿಂದ ಹನಿ ಬೀಳುತ್ತದೆ. ಒಳಗೋಡೆಗೆ ಎರಡು ಸಲ ವಾಟರ್‌ಪ್ರೂಫ್ ಪೇಂಟ್ ಹೊಡೆಸಿದೆವು, ಎರಡೂ ಸಲ ಉದುರಿತು. ಎಲ್ಲಿಂದ ಶುರು ಮಾಡಬೇಕು?

ಉತ್ತರ: ಮೊದಲು ಪೇಂಟಿನ ಡಬ್ಬ ಪಕ್ಕಕ್ಕಿಡಿ. ನೀವು ಬರೆದಿರುವುದು ಒಂದು ತೊಂದರೆ ಅಲ್ಲ, ಮೂರು. ಶಟರ್ ಕೆಳಗಿಂದ ಬರುವುದು ಹರಿಯುವ ಮಳೆನೀರು. ಹಿಂದಿನ ಗೋಡೆಯಲ್ಲಿರುವುದು ಬಹುಶಃ ಮಣ್ಣಿನ ತೇವ. ಶೀಟಿನಿಂದ ಬೀಳುವುದು ಹೊರಗಿನ ನೀರೇ ಅಲ್ಲ, ಕೋಣೆಯ ಒಳಗಿನ ಗಾಳಿಯಲ್ಲಿರುವ ತೇವ. ಮೂರಕ್ಕೂ ಮದ್ದು ಬೇರೆ ಬೇರೆ. ಒಂದೇ ಡಬ್ಬದಲ್ಲಿ ಮೂರೂ ವಾಸಿಯಾಗುವುದಿಲ್ಲ.

ಪೇಂಟ್ ಯಾಕೆ ಉದುರಿತು ಅಂದರೆ, ಗೋಡೆಯ ಹಿಂದಿನಿಂದ ಬಂದ ನೀರು ಒಳಮೈಗೆ ತಲುಪಿ ಆರಲು ಜಾಗ ಹುಡುಕುತ್ತದೆ. ಪೇಂಟ್ ಅದನ್ನು ತಡೆಯುತ್ತದೆ. ನೀರಿನ ಜೊತೆ ಬಂದ ಉಪ್ಪು ಪೇಂಟಿನ ಹಿಂದೆ ಹರಳುಗಟ್ಟಿ ಉಬ್ಬುತ್ತದೆ. ಉಬ್ಬಿದ ಮೇಲೆ ಪೇಂಟ್ ಸಿಪ್ಪೆ ಹಾಗೆ ಎದ್ದು ಬರುತ್ತದೆ. ಇದನ್ನು ನಾನು ಕಷ್ಟಪಟ್ಟೇ ಕಲಿತೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬರ ಗ್ಯಾರೇಜಿಗೆ ಒಳಗಿನಿಂದಲೇ ಹೊಸ ಗಾರೆ, ಅದರ ಮೇಲೆ ಪೇಂಟ್ ಮಾಡಿಸಿಕೊಟ್ಟೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಎಲ್ಲ ಕಿತ್ತು ಬಂತು. ಹೊರಗೆ ಹೋಗಿ ನೋಡಿದರೆ ಗೋಡೆಗೆ ತಾಗಿಸಿ ಒಂದು ಅಡಿ ಎತ್ತರ ಮಣ್ಣು ಪೇರಿಸಿ ಹೂವಿನ ಗಿಡ ಹಾಕಿದ್ದರು. ಆ ಗಿಡಗಳಿಗೆ ದಿನಾ ನೀರು ಬೇರೆ. ನಾನು ಮೊದಲ ದಿನವೇ ಹಿಂದಕ್ಕೆ ಹೋಗಿ ನೋಡಬೇಕಿತ್ತು. ಅವರ ದುಡ್ಡು ಹಾಳಾಯಿತಲ್ಲ ಅಂತ ಇವತ್ತಿಗೂ ಬೇಜಾರಿದೆ.

ಹಾಗಾಗಿ ನಿಮ್ಮ ಮೊದಲ ಕೆಲಸ, ಜೋರು ಮಳೆ ಬರುವಾಗ ಕೊಡೆ ಹಿಡಿದು ಗ್ಯಾರೇಜಿನ ಸುತ್ತ ಒಂದು ಸುತ್ತು ಹಾಕುವುದು. ನೀರು ಯಾವ ಕಡೆಯಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ, ಸೂರಿನ ನೀರು ಎಲ್ಲಿ ಬಿದ್ದು ಗೋಡೆಗೆ ಸಿಡಿಯುತ್ತದೆ, ಎಲ್ಲವನ್ನೂ ಫೋಟೋ ತೆಗೆದಿಟ್ಟುಕೊಳ್ಳಿ. ಅರ್ಧ ಗಂಟೆಯ ಆ ಓಡಾಟದಲ್ಲಿ ಗೊತ್ತಾಗುವಷ್ಟು ಯಾವ ಮೇಸ್ತ್ರಿಯೂ ಬಿಸಿಲಿನಲ್ಲಿ ಬಂದು ಹೇಳಲಾರರು.

ಜೊತೆಗೆ ಮನೆಯಲ್ಲೇ ಎರಡು ಪರೀಕ್ಷೆ ಮಾಡಿ. ಒದ್ದೆ ಗೋಡೆಯ ಒಂದು ಜಾಗವನ್ನು ಒರೆಸಿ ಒಣಗಿಸಿ, ಅಲ್ಲಿ ಒಂದಡಿ ಚೌಕದ ಅಲ್ಯೂಮಿನಿಯಂ ಫಾಯಿಲ್ ಇಟ್ಟು ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ. ಎರಡು ದಿನ ಬಿಡಿ. ಫಾಯಿಲ್‌ನ ಮೇಲ್ಮೈ ಒದ್ದೆಯಾದರೆ ಅದು ಕೋಣೆಯ ಗಾಳಿಯ ತೇವ. ಗೋಡೆ ಕಡೆಯ ಮೈ ಒದ್ದೆಯಾದರೆ ನೀರು ಗೋಡೆಯೊಳಗಿಂದ ಬರುತ್ತಿದೆ. ನೆಲಕ್ಕೂ ಹೀಗೇ. 45 ಸೆಂಟಿಮೀಟರ್ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಕಾಂಕ್ರೀಟಿಗೆ ಅಂಟಿಸಿ ಒಂದು ಇಡೀ ದಿನ ಬಿಡಿ. ಕೆಳಗೆ ಹನಿ ಕಟ್ಟಿದ್ದರೆ ಅಥವಾ ಕಾಂಕ್ರೀಟ್ ಕಪ್ಪಾಗಿದ್ದರೆ ಮಣ್ಣಿನ ತೇವ ಮೇಲೆ ಬರುತ್ತಿದೆ ಅಂತ ಅರ್ಥ.

ಇನ್ನು ಹಿಂದಿನ ಗೋಡೆ. ಹೊರಗೆ ಹೋಗಿ ಮಣ್ಣಿನ ಮಟ್ಟ ನೋಡಿ. ಒಳಗಿನ ನೆಲಕ್ಕಿಂತ ಹೊರಗಿನ ಮಣ್ಣು ಕನಿಷ್ಠ 15 ಸೆಂಟಿಮೀಟರ್ ಕೆಳಗಿರಬೇಕು. ಹಳೆ ಗ್ಯಾರೇಜುಗಳಲ್ಲಿ ಮಣ್ಣು, ಎಲೆ, ಕಲ್ಲುಚೂರು ಸೇರಿ ಸೇರಿ ಮಟ್ಟ ಮೇಲೇರಿರುತ್ತದೆ. ತೇವ ಮೇಲೇರದಂತೆ ಪಾಯದ ಮೇಲೆ ಹಾಕುವ ಡ್ಯಾಂಪ್‌ಪ್ರೂಫ್ ಪದರ ಮಣ್ಣಿನಲ್ಲಿ ಮುಚ್ಚಿಹೋಗಿರುತ್ತದೆ. ಮಣ್ಣು ತೆಗೆಸಿ. ಗೋಡೆಯಿಂದ ಆಚೆಗೆ ವಾಟ ಕೊಡಿ, ಹತ್ತು ಅಡಿಗೆ ಆರು ಇಂಚಿನಷ್ಟು. ಜಾಗ ಚಿಕ್ಕದಿದ್ದರೆ ಗೋಡೆ ಉದ್ದಕ್ಕೂ ಒಂದು ಸಣ್ಣ ಚರಂಡಿ ಮಾಡಿಸಿ. ಮಾಡಿನ ನೀರಿಗೆ ಗಟರ್ ಹಾಕಿಸಿ ಪೈಪಿನಲ್ಲಿ ದೂರ ಸಾಗಿಸಿ. ಎಷ್ಟೋ ಗ್ಯಾರೇಜುಗಳಲ್ಲಿ ಇಷ್ಟು ಮಾಡಿದ ಮೇಲೆ ಗೋಡೆ ತಾನಾಗಿಯೇ ಒಣಗುತ್ತದೆ. ಆದರೆ ಅವಸರ ಬೇಡ. ವರ್ಷಗಟ್ಟಲೆ ಕುಡಿದ ನೀರು ಆರಲು ಹಲವು ತಿಂಗಳೇ ಬೇಕು.

ಒಣಗಿದ ಮೇಲೂ ಕೆಳಗಿನ ಹಳೆ ಗಾರೆಯನ್ನು ಉಳಿಸಿಕೊಳ್ಳಬೇಡಿ. ಅದರಲ್ಲಿ ಉಪ್ಪು ತುಂಬಿರುತ್ತದೆ, ಆ ಉಪ್ಪು ಗಾಳಿಯಿಂದಲೇ ತೇವ ಎಳೆದುಕೊಳ್ಳುತ್ತದೆ. ತೇವದ ಗೆರೆಗಿಂತ ಒಂದಡಿ ಮೇಲಿನವರೆಗೆ ಕೆತ್ತಿಸಿ ಹೊಸ ಗಾರೆ ಮಾಡಿಸಿ. ತೆಳು ಇಟ್ಟಿಗೆ ಗೋಡೆಗೆ ಗಾಳಿಮಳೆ ಹೊಡೆದರೆ ನೀರು ನೇರ ಒಳಗೆ ಬರುತ್ತದೆ. ಅದಕ್ಕೆ ಹೊರಮೈಗೆ ಗಾರೆ ಮಾಡಿ, ಅದರ ಮೇಲೆ ಹೊರಗೋಡೆಗೆಂದೇ ಇರುವ ಪೇಂಟ್. ಮಳೆಯನ್ನು ತಡೆದು ಆವಿಯನ್ನು ಹೊರಗೆ ಬಿಡುವ ಪೇಂಟನ್ನೇ ಕೇಳಿ ತನ್ನಿ. ನೀರು ತಡೆಯುವ ಪದರ ಯಾವತ್ತೂ ನೀರು ಬರುವ ಕಡೆಗಿರಬೇಕು.

ಶೀಟಿನ ಹನಿ. ರಾತ್ರಿ ಆಕಾಶ ತಿಳಿಯಾಗಿದ್ದರೆ ತಗಡು ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಒಳಗಿನ ಗಾಳಿ 25 ಡಿಗ್ರಿ ಇದ್ದು, ಅದರ ತೇವಾಂಶ ಶೇ 80 ಇದ್ದರೆ, ತಗಡು ಸುಮಾರು 21 ಡಿಗ್ರಿಗೆ ಇಳಿದರೆ ಸಾಕು, ಹನಿ ಕಟ್ಟುತ್ತದೆ. ನಾಲ್ಕೇ ಡಿಗ್ರಿ ವ್ಯತ್ಯಾಸ! ಇದಕ್ಕೆ ತೂತು ಹುಡುಕಿ ಸೀಲೆಂಟ್ ಹಚ್ಚುತ್ತಾ ಕೂತರೆ ಪ್ರಯೋಜನವಿಲ್ಲ. ಒಳಗಿನ ಗಾಳಿ ತಣ್ಣನೆಯ ತಗಡನ್ನು ಮುಟ್ಟಬಾರದು, ಅಷ್ಟೇ. ಶೀಟು ತುಕ್ಕು ಹಿಡಿದಿದ್ದರೆ ತೆಗೆಸಿ ಪಫ್ ಪ್ಯಾನೆಲ್ ಹಾಕಿಸುವುದು ನನ್ನ ಸಲಹೆ. ಎರಡು ತಗಡಿನ ನಡುವೆ ಫೋಮ್ ಇರುವ ಶೀಟು ಅದು. ಹನಿಯೂ ನಿಲ್ಲುತ್ತದೆ, ಮಧ್ಯಾಹ್ನದ ಕಾವೂ ಇಳಿಯುತ್ತದೆ. ಮಳೆಯ ಸದ್ದೂ ಒಂದಿಷ್ಟು ತಗ್ಗುತ್ತದೆ, ಓದುವ ಹುಡುಗಿಗೆ ಅದೂ ಮುಖ್ಯ ಅಲ್ವಾ? ಹಳೆ ಶೀಟು ಗಟ್ಟಿಯಿದ್ದರೆ ಕೆಳಗಿನಿಂದ ಫಾಯಿಲ್ ಇರುವ ಫೋಮ್ ಬೋರ್ಡ್ ಕೂರಿಸಿ, ಪ್ರತಿ ಸಂದಿಗೂ ಟೇಪ್ ಹಾಕಿಸಿ. ಸಂದಿ ಬಿಟ್ಟರೆ ಅಲ್ಲಿಂದ ಗಾಳಿ ಮೇಲೆ ಹೋಗಿ, ನಿಮಗೆ ಕಾಣದ ಜಾಗದಲ್ಲಿ ಹನಿ ಕಟ್ಟುತ್ತದೆ.

ಮೇಲೆ ಹತ್ತಿದಾಗ ಸ್ಕ್ರೂಗಳನ್ನೂ ನೋಡಿಸಿ. ರಬ್ಬರ್ ವಾಷರ್ ಬಿಸಿಲಿಗೆ ಒಣಗಿ ಸೀಳಿರುತ್ತದೆ, ಎಲ್ಲ ಬದಲಾಯಿಸಿ. ಅಲೆಯ ಶೀಟಿನಲ್ಲಿ ಸ್ಕ್ರೂ ಉಬ್ಬಿನ ಮೇಲೆ ಇರಬೇಕು, ನೀರು ಹರಿಯುವ ತಗ್ಗಿನಲ್ಲಲ್ಲ. ಒಂದರ ಮೇಲೊಂದು ಶೀಟು ಕೂರುವ ಕಡೆ ಕನಿಷ್ಠ 15 ಸೆಂಟಿಮೀಟರ್ ಒಳಸೇರಿರಬೇಕು. ಮಾಡಿನ ಇಳಿಜಾರು ಕಡಿಮೆ ಇದ್ದರೆ ಇನ್ನೂ ಜಾಸ್ತಿ.

ಈಗ ಶಟರ್. ಕೆಳಗೆ ರಬ್ಬರ್ ಪಟ್ಟಿ ಹಾಕಿದರೆ ಸ್ವಲ್ಪ ನೀರು ನಿಲ್ಲುತ್ತದೆ, ಆದರೆ ಪಕ್ಕದ ಕಂಬಿಯ ಸಂದು, ಮೇಲಿನ ಡಬ್ಬದ ಸಂದು ಹಾಗೇ ಉಳಿಯುತ್ತದೆ. ಕೋಣೆಯಾಗಿ ದಿನಾ ಬಳಸುವುದಾದರೆ ಶಟರ್ ತೆಗೆಸಿ, ಗೋಡೆ ಕಟ್ಟಿ, ಬಾಗಿಲು ಕಿಟಕಿ ಇಡಿಸಿ. ಇಲ್ಲಿ ಹೆಚ್ಚಿನವರು ತಪ್ಪುವ ಒಂದು ವಿಷಯವಿದೆ. ಗ್ಯಾರೇಜಿನ ಮೂರು ಗೋಡೆಗೆ ಪಾಯ ಇರುತ್ತದೆ, ಶಟರ್ ಇದ್ದ ಕಡೆ ಎಷ್ಟೋ ಸಲ ಬರೀ ನೆಲದ ಕಾಂಕ್ರೀಟ್ ಇರುತ್ತದೆ. ಅದರ ಮೇಲೆ ಸುಮ್ನೆ ಇಟ್ಟಿಗೆ ಪೇರಿಸಿದರೆ ಹೊಸ ಗೋಡೆ ಒಂದು ಕಡೆ ಕುಸಿದು, ಹಳೆ ಗೋಡೆ ಸೇರುವ ಮೂಲೆಯಲ್ಲಿ ಬಿರುಕು ಬಿಡುತ್ತದೆ. ನೀರಿಗೆ ಹೊಸ ದಾರಿ ನೀವೇ ಮಾಡಿಕೊಟ್ಟಂತೆ. ಅಲ್ಲಿ ಅಗೆಸಿ ನೋಡಿ, ಪಾಯ ಇಲ್ಲದಿದ್ದರೆ ಪಕ್ಕದ ಗೋಡೆಯಷ್ಟೇ ಆಳಕ್ಕೆ ಹಾಕಿಸಿ. ಡ್ಯಾಂಪ್‌ಪ್ರೂಫ್ ಪದರ ಮರೆಯಬೇಡಿ. ಹೊಸ ಗೋಡೆಯನ್ನು ಹಳೆಯದಕ್ಕೆ ಕಂಬಿಯಿಂದ ಬೆಸೆಯಿರಿ. ಗೋಡೆ ಬಂದ ಮೇಲೂ ಮುಂದಿನ ಅಂಗಳದ ನೀರು ಅದೇ ದಾರಿಯಲ್ಲಿ ಬರುತ್ತದೆ. ಆದ್ದರಿಂದ ಆ ಗೋಡೆಯ ಮುಂದೆ, ಅದರ ಅಗಲಕ್ಕೂ ಜಾಲರಿ ಮುಚ್ಚಿದ ಒಂದು ಕಾಲುವೆ ಬೇಕೇ ಬೇಕು. ಕಿಟಕಿ ಬಾಗಿಲ ಮೇಲೆ ಸಜ್ಜಾ ಹಾಕಿಸಿ. ಅದರ ಕೆಳಮೈಯಲ್ಲಿ ಅಂಚಿಗೆ ಹತ್ತಿರ ಒಂದು ಸಣ್ಣ ಗೀರು ತೆಗೆಸಿದರೆ ನೀರು ಹಿಂದಕ್ಕೆ ಗೋಡೆಗೆ ಹರಿಯದೆ ಅಲ್ಲೇ ತೊಟ್ಟಿಕ್ಕುತ್ತದೆ.

ನೆಲ ಕೊನೆಗೆ. ಗ್ಯಾರೇಜಿನ ನೆಲ ಬಾಗಿಲ ಕಡೆಗೆ ಇಳಿಜಾರಾಗಿರುತ್ತದೆ. ಹೊಲಿಗೆ ಮಷಿನ್ ಓಲಾಡುತ್ತದೆ, ಸಮ ಮಾಡಿಸಲೇಬೇಕು. ಹಳೆ ನೆಲದ ಮೇಲೆ 250 ಮೈಕ್ರಾನ್ ದಪ್ಪದ ಪ್ಲಾಸ್ಟಿಕ್ ಹಾಳೆ ಹಾಸಿ, ಸಂದಿಯಲ್ಲಿ 15 ಸೆಂಟಿಮೀಟರ್ ಒಳಸೇರಿಸಿ ಟೇಪ್ ಹಾಕಿ, ಅಂಚನ್ನು ಗೋಡೆಯ ಡ್ಯಾಂಪ್‌ಪ್ರೂಫ್ ಪದರದ ಮಟ್ಟಕ್ಕೆ ಮಡಚಿ ಏರಿಸಿ. ಆಮೇಲೆ ಮೇಲೆ ಕಾಂಕ್ರೀಟ್. ಹೊಸ ಕಾಂಕ್ರೀಟ್ ಒಣಗಲು ಇಂಚಿಗೆ ಒಂದು ತಿಂಗಳು ಅಂತ ಲೆಕ್ಕ ಇಟ್ಟುಕೊಳ್ಳಿ. ಅಷ್ಟರೊಳಗೆ ಮರದ ನೆಲವನ್ನೋ ವಿನೈಲ್ ಹಾಳೆಯನ್ನೋ ಹಾಕಿದರೆ ಎದ್ದು ಬರುತ್ತದೆ. ಹಳೆ ನೆಲದ ಮೇಲೆಯೇ ನೇರವಾಗಿ ಬಣ್ಣ ಹಚ್ಚುವುದಾದರೆ ಮೊದಲು ಒಂದು ಹನಿ ನೀರು ಬಿಟ್ಟು ನೋಡಿ. ಮುತ್ತಿನ ಹಾಗೆ ನಿಂತರೆ ಆಯಿಲ್ ಇಳಿದಿದೆ, ತೊಳೆದು ಉಜ್ಜದೆ ಯಾವ ಬಣ್ಣವೂ ಹಿಡಿಯದು.

ಕರೆಂಟ್ ಬಗ್ಗೆ ಒಂದೇ ಮಾತು. ಗ್ಯಾರೇಜಿನ ವೈರಿಂಗ್ ಒಂದು ಬಲ್ಬಿಗೆಂದು ಎಳೆದದ್ದು. ಹೊಸ ಲೈನ್, ಸರಿಯಾದ ಅರ್ಥಿಂಗ್, 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ಲೈನ್ ಕಡಿಯುವ ಸ್ವಿಚ್) ಇಲ್ಲದೆ ಮಗಳನ್ನು ಅಲ್ಲಿ ಕೂರಿಸಬೇಡಿ. ಗ್ಯಾರೇಜನ್ನು ಕೋಣೆ ಮಾಡಲು ಸ್ಥಳೀಯ ಆಡಳಿತದ ಅನುಮತಿ ಬೇಕೇ ಎಂದು ಗೋಡೆ ಒಡೆಯುವ ಮೊದಲೇ ವಿಚಾರಿಸಿ.

ಪ್ರಶ್ನೆ: ನಮ್ಮ ಗ್ಯಾರೇಜನ್ನು ಹೋದ ವರ್ಷ ಕೋಣೆ ಮಾಡಿಸಿದೆವು. ಎಲ್ಲ ಸಂದಿಯನ್ನೂ ಮುಚ್ಚಿಸಿದ್ದೇವೆ, ಒಂದು ಹನಿ ಸೋರುವುದಿಲ್ಲ. ಆದರೂ ಮುಗ್ಗಲು ವಾಸನೆ. ಕಪಾಟಿನ ಹಿಂದೆ ಬೂಸು ಬಂದಿದೆ. ಯಾಕೆ?

ಉತ್ತರ: ನೀರು ಒಳಗೆ ಬರುವ ದಾರಿಯ ಜೊತೆ ಆವಿ ಹೊರಗೆ ಹೋಗುವ ದಾರಿಯನ್ನೂ ಮುಚ್ಚಿದ್ದೀರಿ. ಸುಮ್ಮನೆ ಕೂತ ಒಬ್ಬರ ಉಸಿರು ಮತ್ತು ಮೈಯಿಂದ ಗಂಟೆಗೆ 40 ಗ್ರಾಂಗೂ ಮೇಲ್ಪಟ್ಟು ನೀರು ಆವಿಯಾಗಿ ಹೋಗುತ್ತದೆ. ಇಬ್ಬರು ಐದು ಗಂಟೆ ಕೂತರೆ ಅರ್ಧ ಲೀಟರಿಗೆ ಹತ್ತಿರ. ಅದು ಎಲ್ಲಿಗೆ ಹೋಗಬೇಕು? ತಣ್ಣಗಿರುವ, ಗಾಳಿಯಾಡದ ಜಾಗಕ್ಕೆ ಹೋಗಿ ಕೂರುತ್ತದೆ, ಅಂದರೆ ಕಪಾಟಿನ ಹಿಂದೆ.

ಎದುರುಬದುರು ಎರಡು ಕಡೆ ಗಾಳಿ ಬರುವಂತೆ ಮಾಡಿ. ತೆರೆಯುವ ಕಿಟಕಿಯ ಜಾಗ ಒಟ್ಟು ನೆಲದ ಹತ್ತನೇ ಒಂದು ಪಾಲಿನಷ್ಟಿದ್ದರೆ ಒಳ್ಳೆಯದು. ಒಂದೇ ಕಡೆ ಕಿಟಕಿ ಸಾಧ್ಯವಾದರೆ ಎದುರು ಗೋಡೆಯ ಮೇಲ್ಭಾಗಕ್ಕೆ ಎಕ್ಸಾಸ್ಟ್ ಫ್ಯಾನ್ ಹಾಕಿಸಿ. ಕಪಾಟನ್ನು ಗೋಡೆಯಿಂದ ಎರಡು ಮೂರು ಇಂಚು ಎಳೆದಿಡಿ. ತೇವಾಂಶ ತೋರಿಸುವ ಸಣ್ಣ ಹೈಗ್ರೋಮೀಟರ್ ಒಂದನ್ನು ಇಟ್ಟು ನೋಡುತ್ತಿರಿ, ಶೇ 60 ದಾಟದ ಹಾಗೆ ನೋಡಿಕೊಳ್ಳಿ. ಹೊರಗೆ ಮಳೆ ಹಿಡಿದು ಗಾಳಿಯೇ ಒದ್ದೆಯಿರುವ ದಿನಗಳಲ್ಲಿ ಕಿಟಕಿ ತೆರೆದರೆ ತೇವ ಇಳಿಯುವುದಿಲ್ಲ, ಆಗ ಗಾಳಿಯ ತೇವ ಹೀರುವ ಯಂತ್ರ, ಡಿಹ್ಯುಮಿಡಿಫೈಯರ್, ಬೇಕಾಗಬಹುದು. ಈಗಿರುವ ಬೂಸನ್ನು ಒಣ ಬಟ್ಟೆಯಲ್ಲಿ ಕೊಡವಬೇಡಿ, ಪುಡಿ ಹಾರುತ್ತದೆ. ಮಾಸ್ಕ್ ಹಾಕಿಕೊಂಡು ಸೋಪಿನ ನೀರಿನ ಬಟ್ಟೆಯಲ್ಲಿ ಒರೆಸಿ, ಚೆನ್ನಾಗಿ ಒಣಗಿಸಿ.

ಪ್ರಶ್ನೆ: ಗ್ಯಾರೇಜಿನ ಮೇಲೆ ಹಳೆ ಸಿಮೆಂಟ್ ಶೀಟು ಇದೆ, ಕಲ್ನಾರಿನದು ಅನ್ನುತ್ತಾರೆ. ಲೈಟು, ಫ್ಯಾನು ಹಾಕಲು ಅದಕ್ಕೇ ತೂತು ಕೊರೆಯಬಹುದೇ?

ಉತ್ತರ: ದಯವಿಟ್ಟು ಕೊರೆಯಬೇಡಿ. ಕತ್ತರಿಸಬೇಡಿ, ಒಣ ಬ್ರಷ್‌ನಿಂದ ಉಜ್ಜಬೇಡಿ, ಜೋರು ನೀರಿನ ಪಂಪಿನಲ್ಲಿ ತೊಳೆಯಬೇಡಿ. ಕಲ್ನಾರಿನ ಎಳೆಗಳು ಕಣ್ಣಿಗೆ ಕಾಣದಷ್ಟು ಸಣ್ಣ. ಉಸಿರಿನ ಜೊತೆ ಒಳಗೆ ಹೋದರೆ ಶ್ವಾಸಕೋಶದಲ್ಲಿ ಉಳಿದುಬಿಡುತ್ತವೆ. ಅದರಿಂದ ಬರುವ ಕ್ಯಾನ್ಸರ್ ಎಷ್ಟೋ ಸಲ 20, 30 ವರ್ಷ ಕಳೆದ ಮೇಲೆ ಕಾಣಿಸುತ್ತದೆ. ಎಲ್ಲ ಬಗೆಯ ಕಲ್ನಾರೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟವಾಗಿ ಹೇಳಿದೆ.

ಶೀಟು ಒಡೆಯದೆ ಗಟ್ಟಿಯಾಗಿದ್ದರೆ ಮುಟ್ಟದೆ ಬಿಡಬಹುದು. ಲೈಟು ಫ್ಯಾನಿಗೆ ಗೋಡೆಯಿಂದ ಗೋಡೆಗೆ ಬೇರೆ ಪೈಪು ಹಾಕಿಸಿ. ಆದರೆ ದಿನಾ ಕೂರುವ ಕೋಣೆ ಮಾಡುವುದಾದರೆ ಬದಲಾಯಿಸುವುದೇ ಒಳ್ಳೆಯದು. ಅದಕ್ಕೆ ತರಬೇತಿ ಇರುವವರನ್ನೇ ಕರೆಯಿರಿ. ಅವರು ಶೀಟನ್ನು ಒದ್ದೆ ಮಾಡಿ, ಒಡೆಯದೆ ಇಡಿಯಾಗಿ ಇಳಿಸಿ, ಪ್ಲಾಸ್ಟಿಕ್‌ನಲ್ಲಿ ಸುತ್ತಿ ಸಾಗಿಸುತ್ತಾರೆ. ಇನ್ನೊಂದು, ಯಾರನ್ನೂ ಆ ಶೀಟಿನ ಮೇಲೆ ಹತ್ತಿಸಬೇಡಿ. ಹಳೆಯದಾದಂತೆ ಅದು ಪೆಡಸಾಗುತ್ತದೆ, ಕಾಲಿಟ್ಟ ಕಡೆ ಒಡೆದು ಜನ ಕೆಳಗೆ ಬೀಳುತ್ತಾರೆ.

ಪ್ರಶ್ನೆ: ಗ್ಯಾರೇಜಿನ ಅರ್ಧ ಮಾತ್ರ ಕೋಣೆ ಮಾಡಿ, ಇನ್ನರ್ಧದಲ್ಲಿ ಸ್ಕೂಟರ್ ನಿಲ್ಲಿಸಬಹುದೇ? ಮಧ್ಯೆ ಪ್ಲೈವುಡ್ ಹಾಕಿದರೆ ಸಾಕೇ?

ಉತ್ತರ: ನಿಲ್ಲಿಸಬಹುದು, ಆದರೆ ಪ್ಲೈವುಡ್ ಸಾಲದು. ಇಟ್ಟಿಗೆ ಅಥವಾ ಬ್ಲಾಕ್ ಗೋಡೆಯನ್ನು ಮಾಡಿನವರೆಗೂ ಕಟ್ಟಿಸಿ, ಮೇಲಿನ ಸಂದು ಪೂರ್ತಿ ಮುಚ್ಚಿಸಿ. ಎಂಜಿನ್ ಹೊಗೆಯ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಬೆಂಕಿ ಹತ್ತಿದರೂ ಇಟ್ಟಿಗೆ ಗೋಡೆ ಓಡಿ ಹೊರಬರಲು ಸಮಯ ಕೊಡುತ್ತದೆ. ಎರಡರ ನಡುವೆ ಬಾಗಿಲು ಇಡದೆ, ಕೋಣೆಗೆ ಹೊರಗಿನಿಂದಲೇ ಬಾಗಿಲು ಇಟ್ಟರೆ ಇನ್ನೂ ಒಳ್ಳೆಯದು. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ತೆವಳುತ್ತದೆ. ಅದಕ್ಕಾಗಿ ಕೋಣೆಯ ನೆಲ ಸ್ಕೂಟರ್ ನಿಲ್ಲುವ ನೆಲಕ್ಕಿಂತ ಒಂದು ಮೆಟ್ಟಿಲಾದರೂ ಎತ್ತರ ಇರಲಿ. ಸ್ಕೂಟರನ್ನು ಹೊರಗೆ ತಳ್ಳಿಕೊಂಡು ಹೋಗಿಯೇ ಸ್ಟಾರ್ಟ್ ಮಾಡಿ.