ಮರಕ್ಕೆ ಪೆಟ್ಟಾಗದ ಹಾಗೆ ಮರದ ಮೇಲೆ ಮನೆ ಕಟ್ಟುವುದು ಹೇಗೆ?

ತೋಟದ ಹಲಸಿನ ಮರದ ಮೇಲೆ ಪುಟ್ಟ ಮನೆ ಕಟ್ಟಿ, ಕರೆಂಟ್ ಸಂಪರ್ಕ ತಗೊಳ್ಳದೆ ಅಲ್ಲೇ ಇರಬೇಕು, ಮರವೂ ಉಳಿಯಬೇಕು ಅಂತ ಕೇಳಿದ್ದೀರಿ. ನಾನು ಮಲೆನಾಡಿನವನು, ಹಾಗಾಗಿ ನಮ್ಮ ಮಳೆಗಾಳಿಯ ಲೆಕ್ಕದಲ್ಲೇ ಹೇಳುತ್ತೇನೆ.

ಹಲಸು ಒಳ್ಳೆಯದೇ. ಮಾವು, ಮತ್ತಿ, ಹೆಬ್ಬಲಸೂ ಆಗುತ್ತವೆ. ಸಿಲ್ವರ್ ಓಕ್ ಬೇಡ, ಜೋರು ಗಾಳಿಗೆ ಲಟಕ್ಕನೆ ಮುರಿಯುತ್ತದೆ. ಹಾಲವಾಣವಂತೂ ಬೇಡವೇ ಬೇಡ. ಮೊದಲು ಕೊಡಲಿಯ ಹಿಂಬದಿಯಿಂದ ಕಾಂಡಕ್ಕೆ ಬಡಿದು ನೋಡಿ. ಟೊಳ್ಳು ಸದ್ದು ಬಂದರೆ, ಬುಡದಲ್ಲಿ ಅಣಬೆ ಎದ್ದಿದ್ದರೆ, ಆ ಮರದ ಆಸೆ ಬಿಡಿ.

ಮೊಳೆ ಹೊಡೆದರೆ ಮರಕ್ಕೆ ನೋವು ಅಂತ ತುಂಬಾ ಜನ ಹಗ್ಗ, ತಂತಿ ಸುತ್ತಿ ಬಿಗಿಯುತ್ತಾರೆ. ಅದು ಇನ್ನೂ ಕೆಟ್ಟದ್ದು. ಬೇಲಿ ತಂತಿ ಕಟ್ಟಿದ ಹಳೇ ಮರ ನೋಡಿದ್ದೀರಲ್ವಾ? ತಂತಿ ಕಾಣಿಸುವುದೇ ಇಲ್ಲ, ತೊಗಟೆ ಅದರ ಮೇಲೆ ತುಟಿ ಮುಚ್ಚಿದ ಹಾಗೆ ಕೂಡಿಕೊಂಡಿರುತ್ತದೆ. ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವುದು ತೊಗಟೆಯ ಒಳಪದರದಲ್ಲಿ. ಸುತ್ತಲೂ ಬಿಗಿದರೆ ಆ ದಾರಿಯೇ ಬಂದ್. ಅದಕ್ಕಿಂತ ಒಂದೆರಡು ದಪ್ಪ ಬೋಲ್ಟ್ ವಾಸಿ. ಆ ಗಾಯವನ್ನು ಮರ ತಾನೇ ಸುತ್ತಲಿಂದ ಮುಚ್ಚಿಕೊಳ್ಳುತ್ತದೆ. ಹತ್ತಾರು ಸಣ್ಣ ಮೊಳೆ ಹತ್ತಿರ ಹತ್ತಿರ ಹೊಡೆದರೆ ಮಾತ್ರ ಗಾಯಗಳೆಲ್ಲ ಒಂದಾಗಿ ಕೊಳೆತ ಶುರುವಾಗುತ್ತದೆ.

ಅಮೆರಿಕದ ಒರೆಗಾನ್‌ನಲ್ಲಿ ಮೈಕೆಲ್ ಗಾರ್ನಿಯರ್ ಎಂಬವರು 1990ರ ದಶಕದಲ್ಲಿ ಇದಕ್ಕೆಂದೇ ಒಂದು ಬೋಲ್ಟ್ ರೂಢಿಗೆ ತಂದರು. ಸುಮಾರು ಒಂದೂಕಾಲು ಇಂಚು ದಪ್ಪದ ಉಕ್ಕಿನ ಕಂಬಿ, ನಡುವೆ ಅಗಲವಾದ ಬಳೆ. ಬಳೆ ಮರದೊಳಗೆ ಕೂರುತ್ತದೆ, ತೊಲೆ ಹೊರಗೆ ಚಾಚಿದ ಕಂಬಿಯ ಮೇಲೆ ಕೂರುತ್ತದೆ. ತೊಲೆಗೂ ಕಾಂಡಕ್ಕೂ ನಡುವೆ ಜಾಗ ಇರುವುದರಿಂದ ಮರ ದಪ್ಪವಾದರೂ ತೊಂದರೆಯಿಲ್ಲ. ನಮ್ಮ ಲೇತ್ ಅಂಗಡಿಯವರಿಗೆ ಚಿತ್ರ ಕೊಟ್ಟರೆ ಮಾಡಿಕೊಡುತ್ತಾರೆ, ಆದರೆ ಒಳ್ಳೆ ಗಟ್ಟಿ ಉಕ್ಕೇ ಬೇಕು, ಭಾರದ ಲೆಕ್ಕ ಒಬ್ಬ ಇಂಜಿನಿಯರ್ ಹತ್ತಿರ ಮಾಡಿಸಿ. ನೆಲಹಲಗೆಯಲ್ಲೂ ಕಾಂಡದ ಸುತ್ತ ಮೂರು ಇಂಚು ಖಾಲಿ ಬಿಡಿ.

ಎರಡು ಮರಕ್ಕೆ ತೊಲೆ ಹಾಕುವುದಾದರೆ ಒಂದು ತುದಿ ಮಾತ್ರ ಬಿಗಿಯಾಗಿರಲಿ, ಇನ್ನೊಂದು ಜಾರುವಂತಿರಲಿ. ಗಾಳಿಗೆ ಎರಡೂ ಮರ ಒಂದೇ ತಾಳಕ್ಕೆ ತೂಗುವುದಿಲ್ಲ. ಎರಡೂ ಕಡೆ ಬಿಗಿದರೆ ಜೂನ್ ಗಾಳಿಗೆ ಏನಾದರೊಂದು ಕಿತ್ತುಬರುವುದು ಗ್ಯಾರಂಟಿ. ಕಾಂಡ ಚಾವಣಿಯನ್ನು ತೂರಿ ಹೋಗದಂತೆ ಮನೆಯನ್ನು ಪಕ್ಕಕ್ಕೆ ಸರಿಸಿ. ಮಳೆಗಾಲದಲ್ಲಿ ಕಾಂಡದುದ್ದಕ್ಕೂ ನೀರು ಸುರಿಯುತ್ತಲೇ ಇರುತ್ತದೆ, ಎಷ್ಟು ರಬ್ಬರ್ ಸುತ್ತಿದರೂ ಸೋರುತ್ತದೆ.

ಬರೀ ರಜಕ್ಕಲ್ಲ, ವಾಸಕ್ಕೇ ಅಂದರೆ ಅರ್ಧ ಭಾರ ಕಂಬಗಳ ಮೇಲಿರಲಿ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಗುಂಡಿ ತೋಡುವಾಗ ದಪ್ಪ ಬೇರು ಸಿಕ್ಕರೆ ಕಡಿಯದೆ ಕಂಬವನ್ನೇ ಸರಿಸಿ. ಎತ್ತರ 8–10 ಅಡಿ ಸಾಕು. 500 ಲೀಟರ್ ಟ್ಯಾಂಕ್ ತುಂಬಿದರೆ ಅರ್ಧ ಟನ್, ಅದು ಮೇಲೆ ಬೇಡ. ಪಕ್ಕದಲ್ಲಿ ಮನೆಗಿಂತ ಎತ್ತರದ ಧರೆ (ಮಣ್ಣಿನ ದಿಬ್ಬ) ಇದ್ದರೆ ಅದರ ಮೇಲಿಡಿ, ಪಂಪ್ ಇಲ್ಲದೇ ನೀರು ಬರುತ್ತದೆ. ಸೋಲಾರ್ ಬ್ಯಾಟರಿ, ಶೌಚಾಲಯ, ಸೌದೆ ಒಲೆ ಎಲ್ಲ ನೆಲದಲ್ಲೇ. ಪ್ಯಾನೆಲ್ ಬಿಸಿಲಿರುವ ಅಂಗಳದಲ್ಲಿ.

ಏಪ್ರಿಲ್–ಮೇ ತಿಂಗಳ ಗುಡುಗು ಸಿಡಿಲಿನ ಹೊತ್ತಿಗೆ ಮಾತ್ರ ಮೇಲಿರಬೇಡಿ. ಇಳಿದು ಹೋಗೋಕೆ ಹತ್ತಿರದಲ್ಲಿ ಗಟ್ಟಿ ಮನೆಯೊಂದು ಇಲ್ಲದಿದ್ದರೆ ಮೊದಲು ಅದನ್ನು ಕಟ್ಟಿ.